ಅಲಂಗ್: ಹಡಗಿನ ಹೊಟ್ಟೆಯೊಳಗಿನ ಕಲ್ನಾರು

ಗುಜರಾತಿನ ಭಾವನಗರದಿಂದ ದಕ್ಷಿಣಕ್ಕೆ ಹೊರಟ ಬಸ್ಸು ತಲಾಜಾ ರಸ್ತೆಯಲ್ಲಿ ತ್ರಾಪಜ್ ಎಂಬ ಊರನ್ನು ಸಮೀಪಿಸುತ್ತಿದ್ದಂತೆ ಹೊಸಬರು ಕಿಟಕಿಯಿಂದ ಕತ್ತು ಹೊರಹಾಕುತ್ತಾರೆ. ಸಮುದ್ರ ಇನ್ನೂ ಕಾಣುವುದಿಲ್ಲ. ಆದರೆ ರಸ್ತೆಯ ಪಕ್ಕದಲ್ಲೇ ಹಡಗಿನ ಸಾಮಾನೆಲ್ಲ ಸಾಲುಸಾಲಾಗಿ ಮಾರಾಟಕ್ಕೆ ಕೂತಿರುತ್ತದೆ. ನೂರಾರು ಮಂಚಗಳು, ಹಾಸಿಗೆಗಳು, ಸೋಫಾಗಳು, ಪಿಂಗಾಣಿ ತಟ್ಟೆಗಳ ಗೋಪುರ, ಹೋಟೆಲಿಗಾಗುವಷ್ಟು ದೊಡ್ಡ ಫ್ರಿಜ್‌ಗಳು, ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿಗಳು, ಹಿತ್ತಾಳೆಯ ಗಡಿಯಾರಗಳು. ಚೌಕಾಸಿ ಬಲ್ಲವರಿಗೆ ಇದೊಂದು ಸ್ವರ್ಗ.

ತ್ರಾಪಜ್‌ನಿಂದ ಎಡಕ್ಕೆ ತಿರುಗಿ ಕೆಲವು ಕಿಲೋಮೀಟರ್ ಹೋದರೆ ಅಲಂಗ್. ಭಾವನಗರದಿಂದ ಒಟ್ಟು ಸುಮಾರು 50 ಕಿ.ಮೀ. ದೂರ. ಖಂಭಾತ್ ಕೊಲ್ಲಿಯ ಈ ದಂಡೆಯಲ್ಲಿ ಅಲಂಗ್ ಮತ್ತು ಪಕ್ಕದ ಸೋಸಿಯಾ ಊರುಗಳ ನಡುವೆ ಸುಮಾರು 10 ಕಿ.ಮೀ. ಉದ್ದಕ್ಕೂ ಹಡಗುಗಳು ಮೂತಿಯನ್ನು ನೆಲಕ್ಕೆ ಒತ್ತಿ ನಿಂತಿರುತ್ತವೆ. ಒಂದರ ಮುಂಭಾಗವೇ ಇಲ್ಲ. ಇನ್ನೊಂದು ನಡುವೆ ಕತ್ತರಿಸಿದ ಹಲಸಿನ ಹಣ್ಣಿನಂತೆ ಒಳಗನ್ನೆಲ್ಲ ತೋರಿಸುತ್ತ ನಿಂತಿದೆ. ಪ್ರಪಂಚದ ಅತಿ ದೊಡ್ಡ ಹಡಗು ಒಡೆಯುವ ತಾಣಗಳಲ್ಲಿ ಇದೂ ಒಂದು.

ಸಮುದ್ರ ಮಾಡಿಕೊಟ್ಟ ಕಾರ್ಖಾನೆ

ಇಷ್ಟು ದೊಡ್ಡ ಉದ್ಯಮ ಈ ಪುಟ್ಟ ಹಳ್ಳಿಗೇ ಏಕೆ ಬಂತು? ಉತ್ತರ ಸಮುದ್ರದಲ್ಲೇ ಇದೆ. ಖಂಭಾತ್ ಕೊಲ್ಲಿಯ ಉಬ್ಬರವಿಳಿತ ನಮ್ಮ ದೇಶದಲ್ಲೇ ಅತಿ ಹೆಚ್ಚು. ಇಲ್ಲಿ ನೀರಿನ ಮಟ್ಟ ಸುಮಾರು 10 ಮೀಟರ್‌ನಷ್ಟು ಏರಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ನೀರು ಉಕ್ಕಿದಾಗ ಹಡಗನ್ನು ಪೂರ್ಣ ವೇಗದಲ್ಲಿ ದಡಕ್ಕೆ ನುಗ್ಗಿಸುತ್ತಾರೆ. ನೀರು ಇಳಿದ ಮೇಲೆ ಹಡಗು ಕೆಸರಿನಲ್ಲಿ ಅಲ್ಲಾಡದೆ ಕೂರುತ್ತದೆ. ಕಟ್ಟೆ ಬೇಡ, ಡಾಕ್ ಬೇಡ. 1983ರ ಫೆಬ್ರುವರಿಯಲ್ಲಿ ಮೊದಲ ಹಡಗು ಹೀಗೆ ಬಂದು ನಿಂತಿತು. 2011-12ರ ಒಂದೇ ಸಾಲಿನಲ್ಲಿ ಬಂದು ಒಡೆದುಹೋದ ಹಡಗುಗಳ ಸಂಖ್ಯೆ 415. ನಮ್ಮ ನೌಕಾಪಡೆಯ ಹೆಮ್ಮೆಯಾಗಿದ್ದ ಐಎನ್ಎಸ್ ವಿರಾಟ್ ಕೂಡ 2020ರ ಸೆಪ್ಟೆಂಬರಿನಲ್ಲಿ ಕೊನೆಯ ಪಯಣ ಮುಗಿಸಿದ್ದು ಇಲ್ಲೇ.

ಹಡಗಿನ ಬಹುಪಾಲು ಉಕ್ಕು ಕರಗುವುದೂ ಇಲ್ಲ. ತಗಡುಗಳನ್ನು ಕಾಯಿಸಿ, ಎಳೆದು ಕಟ್ಟಡದ ಸಲಾಕೆ ಮಾಡುತ್ತಾರೆ. ಏನೂ ವ್ಯರ್ಥವಾಗದ ಇಂಥ ಕಸುಬು ಇನ್ನೊಂದು ಇರಲಾರದು ಎಂದು ಊರವರು ಹೇಳಿಕೊಳ್ಳುತ್ತಾರೆ. ಆದರೆ ಮಾರಲಾಗದ, ಮಾರಬಾರದ ವಸ್ತುವೊಂದು ಹಳೆಯ ಹಡಗಿನ ಹೊಟ್ಟೆಯಲ್ಲಿ ಇರುತ್ತದೆ. ಅದೇ ಆಸ್ಬೆಸ್ಟಾಸ್.

ಬೆಂಕಿಗೆ ಹೆದರದ ಕಲ್ಲು

ಕನ್ನಡದಲ್ಲಿ ಇದಕ್ಕೆ ಕಲ್ನಾರು ಎಂಬ ಚಂದದ ಹೆಸರಿದೆ. ಹೆಸರೇ ಹೇಳುವಂತೆ ಇದು ನಾರು ನಾರಾಗಿ ಬಿಡಿಸಬಹುದಾದ ಕಲ್ಲು. ಬೆಂಕಿಯಲ್ಲಿ ಸುಡುವುದಿಲ್ಲ, ಶಾಖವನ್ನು ದಾಟಿಸುವುದಿಲ್ಲ, ಬೆಲೆಯೂ ಅಗ್ಗ. ಹಡಗು ಕಟ್ಟುವವರಿಗೆ ಇದಕ್ಕಿಂತ ಬೇರೇನು ಬೇಕು? ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿದ್ದರೆ ಓಡಲು ಜಾಗವಿಲ್ಲ. ಹಾಗಾಗಿ ಬಾಯ್ಲರುಗಳ ಮೇಲೆ, ಉಗಿಯ ಕೊಳವೆಗಳ ಸುತ್ತ, ಎಂಜಿನ್ ಕೋಣೆಯ ಗೋಡೆಗಳಲ್ಲಿ, ಕೋಣೆಗಳ ನಡುವಿನ ಹಲಗೆಗಳಲ್ಲಿ, ಗ್ಯಾಸ್ಕೆಟ್‌ಗಳಲ್ಲಿ ಎಲ್ಲೆಲ್ಲೂ ಇದನ್ನೇ ತುಂಬಿದರು. 2002ರಲ್ಲಿ ಹೊಸ ಬಳಕೆಗೆ ಅಂತಾರಾಷ್ಟ್ರೀಯ ನಿಯಮ ಕಡಿವಾಣ ಹಾಕಿತು. 2011ರಿಂದ ಪೂರ್ಣ ನಿಷೇಧ. ಆದರೆ ಅದಕ್ಕೂ ಮೊದಲು ಕಟ್ಟಿದ ಹಡಗುಗಳು ಒಡೆಯಲು ಬರುತ್ತಲೇ ಇರುತ್ತವೆ.

ಕೂತಲ್ಲೇ ಕೂತ ಕಲ್ನಾರಿನಿಂದ ಅಪಾಯ ಕಡಿಮೆ. ಅದನ್ನು ಒಡೆದಾಗ, ಕೊಯ್ದಾಗ, ಕಿತ್ತಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ಉಸಿರಿನೊಂದಿಗೆ ಒಳಹೊಕ್ಕವು ಶ್ವಾಸಕೋಶದ ಆಳದಲ್ಲಿ ನಾಟಿಕೊಳ್ಳುತ್ತವೆ. ದೇಹಕ್ಕೆ ಅವನ್ನು ಕರಗಿಸಲೂ ಬಾರದು, ಹೊರಹಾಕಲೂ ಬಾರದು. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟಾಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಪೊರೆಗೆ ತಗಲುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಇದರ ಕೊಡುಗೆಗಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಇದರ ತಾಳ್ಮೆ. ಇಪ್ಪತ್ತನೇ ವಯಸ್ಸಿನಲ್ಲಿ ಕುಡಿದ ಧೂಳು ಐವತ್ತರಲ್ಲಿ ರೋಗವಾಗಿ ತಲೆ ಎತ್ತಬಹುದು.

ಅಲಂಗ್‌ನ ಮೊದಲ ವರ್ಷಗಳಲ್ಲಿ ಇದನ್ನೆಲ್ಲ ಕೇಳುವವರೇ ಇರಲಿಲ್ಲ. ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಯುವಕರು ಕಲ್ನಾರನ್ನು ಬರಿಗೈಯಲ್ಲಿ ಕಿತ್ತು ರಾಶಿ ಹಾಕುತ್ತಿದ್ದರು. ಮುಖಕ್ಕೆ ಬಹಳವೆಂದರೆ ಒಂದು ವಸ್ತ್ರ. ಅಮೆರಿಕದ 'ಬಾಲ್ಟಿಮೋರ್ ಸನ್' ಪತ್ರಿಕೆ 1997ರಲ್ಲಿ ಹಡಗು ಒಡೆಯುವವರ ಬವಣೆ ಕುರಿತು ಪ್ರಕಟಿಸಿದ ಲೇಖನಮಾಲೆ ಅಲಂಗನ್ನು ಜಗತ್ತಿಗೆ ಪರಿಚಯಿಸಿತು. ಆ ಬರಹಕ್ಕೆ 1998ರ ಪುಲಿಟ್ಜರ್ ಪ್ರಶಸ್ತಿ ಬಂತು.

ಹಿಂದಕ್ಕೆ ಹೋದ ಹಡಗು, ಉಳಿದ ಹಡಗು

ಕಾನೂನು ಅಲಂಗ್‌ಗೆ ಬಂದದ್ದು ನಿಧಾನವಾಗಿ, ಬಹುಮಟ್ಟಿಗೆ ಸುಪ್ರೀಂ ಕೋರ್ಟಿನ ಬಾಗಿಲಿನಿಂದ. 2003ರ ಅಕ್ಟೋಬರ್ 14ರಂದು ಕೋರ್ಟು ಮಹತ್ವದ ಆದೇಶ ನೀಡಿತು. ಒಡೆಯಲು ಬರುವ ಹಡಗಿನಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿ ಇರಬೇಕು, ಬರುವ ಮೊದಲೇ ಅದನ್ನು ತಕ್ಕಮಟ್ಟಿಗೆ ಶುದ್ಧಿ ಮಾಡಿರಬೇಕು ಎಂಬುದು ಅದರ ಸಾರ.

ಆ ಆದೇಶದ ಪರೀಕ್ಷೆಗೆ ಹೆಚ್ಚು ಕಾಯಬೇಕಾಗಲಿಲ್ಲ. ಫ್ರಾನ್ಸಿನ ನಿವೃತ್ತ ಯುದ್ಧನೌಕೆ ಕ್ಲೆಮೆನ್ಸೊ 2005ರ ಡಿಸೆಂಬರ್ 31ರಂದು ಟೂಲಾನ್ ಬಂದರಿನಿಂದ ಅಲಂಗ್‌ನತ್ತ ಹೊರಟಿತು. ಅದರಲ್ಲಿ ಉಳಿದಿರುವ ಕಲ್ನಾರು 45 ಟನ್ ಎಂದು ಫ್ರಾನ್ಸ್ ಸರ್ಕಾರ ಹೇಳಿತು. ಅದರ ಒಂದು ಭಾಗವನ್ನು ಬಿಚ್ಚಿ ತೆಗೆದಿದ್ದ ಕಂಪೆನಿಯೇ, ಇಲ್ಲ, 500 ಟನ್‌ಗೂ ಹೆಚ್ಚು ಇದೆ ಎಂದಿತು. ತನ್ನ ನೆಲದಲ್ಲಿ 1997ರಿಂದಲೇ ಕಲ್ನಾರನ್ನು ನಿಷೇಧಿಸಿದ್ದ ದೇಶ ಅದನ್ನೇ ಇಲ್ಲಿಗೆ ಕಳಿಸುವುದೇ ಎಂದು ಎರಡೂ ದೇಶಗಳಲ್ಲಿ ಗದ್ದಲವೆದ್ದಿತು. 2006ರ ಫೆಬ್ರುವರಿ 15ರಂದು ಫ್ರಾನ್ಸಿನ ಉಚ್ಚ ಆಡಳಿತ ನ್ಯಾಯಾಲಯ ಸಾಗಣೆಗೆ ತಡೆ ನೀಡಿತು. ಅಂದೇ ಅಧ್ಯಕ್ಷ ಜಾಕ್ ಶಿರಾಕ್ ಹಡಗನ್ನು ಹಿಂದಕ್ಕೆ ಕರೆದರು. ಕಡೆಗೆ ಅದನ್ನು ಒಡೆದದ್ದು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಳಿ.

ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಇನ್ನೊಂದು ಹಡಗು ಅಲಂಗ್ ದಡ ಸೇರಿತು. ಒಂದು ಕಾಲಕ್ಕೆ 'ಫ್ರಾನ್ಸ್' ಎಂಬ ಹೆಸರಿನಲ್ಲಿ ಜಗತ್ತಿನ ಅತಿ ಉದ್ದದ ಪ್ರಯಾಣಿಕ ಹಡಗಾಗಿದ್ದ ಅದು ಕೊನೆಗೆ 'ಬ್ಲೂ ಲೇಡಿ' ಆಗಿತ್ತು. ಅದರಲ್ಲಿ 1,200 ಟನ್‌ಗೂ ಹೆಚ್ಚು ಕಲ್ನಾರಿನ ಸಾಮಗ್ರಿ ಇದೆಯೆಂದು ಅಂದಾಜಿಸಲಾಗಿತ್ತು. ವರ್ಷದ ಮೇಲೆ ವಾದ ನಡೆದು 2007ರ ಸೆಪ್ಟೆಂಬರ್ 11ರಂದು ಸುಪ್ರೀಂ ಕೋರ್ಟು ಒಡೆಯಲು ಅನುಮತಿ ಕೊಟ್ಟಿತು. ಉದ್ಯೋಗವೂ ಬೇಕು, ಪರಿಸರವೂ ಉಳಿಯಬೇಕು, ಎರಡನ್ನೂ ತೂಗಿ ನೋಡಬೇಕು ಎಂಬುದು ಕೋರ್ಟಿನ ನಿಲುವು. ದೊಡ್ಡ ದೇಶದ ಹಡಗು ಹಿಂದೆ ಹೋದದ್ದು ಸುದ್ದಿಯಾಯಿತು. ಉಳಿದ ಹಡಗಿನ ಕಲ್ನಾರನ್ನು ತೆಗೆದ ಕೈಗಳು ಸುದ್ದಿಯಾಗಲಿಲ್ಲ.

ಕೋರ್ಟು ನೇಮಿಸಿದ ತಜ್ಞರ ಸಮಿತಿಗಾಗಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಕಲ್ನಾರು ತೆಗೆಯುವ 94 ಕಾರ್ಮಿಕರ ಎಕ್ಸ್-ರೇ ಪರಿಶೀಲಿಸಿತ್ತು. 15 ಮಂದಿಯ ಶ್ವಾಸಕೋಶದಲ್ಲಿ ಕಲ್ನಾರು ರೋಗದ ಆರಂಭವನ್ನು ಸೂಚಿಸುವ ಗೆರೆಗಳು ಕಂಡವು. ಅಂದರೆ ಆರು ಜನರಲ್ಲಿ ಸುಮಾರು ಒಬ್ಬರು.

ನಿಯಮದ ಪ್ರಕಾರ ಹೇಗೆ?

2013ರ ಹಡಗು ಒಡೆಯುವ ಸಂಹಿತೆ, 2019ರ ಹಡಗು ಮರುಬಳಕೆ ಕಾಯ್ದೆ, 2025ರ ಜೂನ್ 26ರಂದು ಜಾರಿಗೆ ಬಂದ ಹಾಂಗ್‌ಕಾಂಗ್ ಒಪ್ಪಂದ, ಇವೆಲ್ಲ ಸೇರಿ ಈಗ ದಾರಿ ಹೀಗಿದೆ. ಹಡಗಿನ ಅಪಾಯಕಾರಿ ವಸ್ತುಗಳ ಪಟ್ಟಿ ಮೊದಲೇ ಬರಬೇಕು. ಗುಜರಾತ್ ಮ್ಯಾರಿಟೈಮ್ ಬೋರ್ಡ್, ಕಸ್ಟಮ್ಸ್, ಮಾಲಿನ್ಯ ನಿಯಂತ್ರಣ ಮಂಡಳಿಗಳ ತಪಾಸಣೆ ಆಗಬೇಕು. ಗ್ಯಾಸ್ ಕಟರ್ ಹಚ್ಚುವ ಮುಂಚೆ ಆ ಭಾಗದ ಕಲ್ನಾರು ಹೊರಬಂದಿರಬೇಕು.

ಕಲ್ನಾರು ತೆಗೆಯುವವರು ತರಬೇತಿ ಪಡೆದಿರಬೇಕು. ಮೈತುಂಬ ಮುಚ್ಚುವ ಉಡುಪು, ಸೂಕ್ಷ್ಮ ಧೂಳನ್ನು ತಡೆಯುವ ಮುಖವಾಡ ಧರಿಸಬೇಕು. ಮೊದಲು ನೀರು ಸಿಂಪಡಿಸಿ ಒದ್ದೆ ಮಾಡಬೇಕು. ಒದ್ದೆ ಕಲ್ನಾರು ಹಾರುವುದಿಲ್ಲ. ಈ ಕೆಲಸಕ್ಕೆಂದೇ ಮುಚ್ಚಿದ ಕೋಣೆ ಇರಬೇಕು. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇದ್ದರೆ ಧೂಳು ಬಿರುಕಿನಿಂದ ಹೊರಗೆ ನುಸುಳದು. ಒಳಗಿನ ಗಾಳಿ ಶೋಧಕ ದಾಟಿಯೇ ಹೊರಬರಬೇಕು. ಕಿತ್ತದ್ದನ್ನು ಎರಡು ಪದರದ ಚೀಲದಲ್ಲಿ ಕಟ್ಟಿ, ಎಚ್ಚರಿಕೆಯ ಚೀಟಿ ಅಂಟಿಸಿ, ಇದಕ್ಕಾಗಿ ಸಿದ್ಧಪಡಿಸಿದ ಹೂಳುಗುಂಡಿಗೆ ಒಯ್ಯಬೇಕು. ಕೆಲಸಗಾರ ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಮನೆಗೆ ಹೋಗಬೇಕು. ಗಂಡನ ಧೂಳಿನ ಬಟ್ಟೆ ಒಗೆದ ಹೆಂಗಸರೂ ಈ ರೋಗಕ್ಕೆ ತುತ್ತಾದದ್ದು ಹಲವು ದೇಶಗಳ ಅನುಭವ.

ಬೇಸಿಗೆಯ ಬಿಸಿಲಿನಲ್ಲಿ ಈ ಉಡುಪು, ಮುಖವಾಡ ತೊಟ್ಟು ಗಂಟೆಗಟ್ಟಲೆ ದುಡಿಯುವುದು ಸುಲಭವಲ್ಲ. ಅದಕ್ಕೇ ತಪಾಸಣೆಯ ಕಣ್ಣು ಬೇಕಾಗುವುದು. ಹಡಗು ಬೇಗ ಒಡೆದಷ್ಟೂ ಮಾಲೀಕನಿಗೆ ಲಾಭ. ಧೂಳು ಕಾಣದ ಕಾರಣ ಕಾರ್ಮಿಕನಿಗೂ ಭಯವಿಲ್ಲ. ಇಬ್ಬರಿಗೂ ಇಲ್ಲದ ಅವಸರವನ್ನು ಸರ್ಕಾರದ ಇನ್‌ಸ್ಪೆಕ್ಟರೇ ತೋರಬೇಕು.

ಪ್ರವಾಸಿಗಳಿಗೆ, ಪಾಲಕರಿಗೆ

ಭಾವನಗರಕ್ಕೆ ರೈಲು, ವಿಮಾನ ಎರಡೂ ಉಂಟು. ಗಾಂಧೀಜಿ 1888ರಲ್ಲಿ ಕೆಲಕಾಲ ಓದಿದ ಸಾಮಲದಾಸ್ ಕಾಲೇಜು ಇಲ್ಲಿದೆ. ಬೆಟ್ಟದ ತುಂಬ ಜೈನ ದೇಗುಲಗಳಿರುವ ಪಾಲಿತಾಣ ಹತ್ತಿರ. ತಲಾಜಾದಲ್ಲಿ ಬೌದ್ಧ ಗುಹೆಗಳಿವೆ. ಹಡಗಿನ ಸಾಮಾನಿನ ಅಂಗಡಿಗಳಿಗೆ ಯಾರೂ ಹೋಗಬಹುದು. ಹಡಗು ಒಡೆಯುವ ಅಂಗಳಕ್ಕೆ ಮಾತ್ರ ಮ್ಯಾರಿಟೈಮ್ ಬೋರ್ಡಿನ ಅನುಮತಿ ಬೇಕು.

ಅಲಂಗ್ ನೋಡಿ ಬಂದವರು ತಮ್ಮ ಸೂರನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ದೇಶದಲ್ಲಿ ಕಲ್ನಾರಿನ ಸಿಮೆಂಟ್ ಶೀಟಿಗೆ ಪೂರ್ಣ ನಿಷೇಧವಿಲ್ಲ. ಗಟ್ಟಿಯಾಗಿರುವ ಶೀಟಿಗೆ ಹೆದರಬೇಕಿಲ್ಲ. ಅದನ್ನು ಒಣಗಿದ್ದಾಗ ಗರಗಸದಿಂದ ಕೊಯ್ಯುವುದು, ತೂತು ಕೊರೆಯುವುದು, ಒಡೆದ ಚೂರನ್ನು ಕಸಬರಿಕೆಯಲ್ಲಿ ಗುಡಿಸುವುದು ತಪ್ಪು. ನೀರು ಹಾಕಿ ಒದ್ದೆ ಮಾಡಬೇಕು. ಮಕ್ಕಳನ್ನು ದೂರ ಇರಿಸಬೇಕು.

ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಹೇಳಿದ ಮಾತೊಂದಿದೆ. ಕಲ್ನಾರಿನಲ್ಲಿ ದುಡಿಯುವ ಪ್ರತಿಯೊಬ್ಬನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ಸ್ವಂತ ಊರಿನಲ್ಲೇ ನಲವತ್ತು ವರ್ಷದ ಕಾಗದ ಹುಡುಕುವುದು ಕಷ್ಟ. ಅಲಂಗ್‌ನ ಕಾರ್ಮಿಕ ಕೆಲವು ವರ್ಷ ದುಡಿದು ಒಡಿಶಾಕ್ಕೋ ಬಿಹಾರಕ್ಕೋ ಮರಳುತ್ತಾನೆ. ಅವನು ಒಡೆದ ಹಡಗು ಆಗಲೇ ಯಾರದೋ ಮನೆಯ ತಾರಸಿಯ ಸಲಾಕೆಯಾಗಿರುತ್ತದೆ. ಮೂವತ್ತು ವರ್ಷದ ನಂತರ ಕೆಮ್ಮು ಶುರುವಾದಾಗ, ಆ ಹಳ್ಳಿಯ ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ನೀನು ಎಳೆಯ ವಯಸ್ಸಿನಲ್ಲಿ ಎಲ್ಲಿ ಕೆಲಸ ಮಾಡಿದ್ದೆ? ಅಲಂಗ್‌ನ ಯಾವುದೋ ಕಚೇರಿಯ ಕಪಾಟಿನಲ್ಲಿ ಅವನ ಹೆಸರು ಇನ್ನೂ ಉಳಿದಿದ್ದರೆ ಮಾತ್ರ ಆ ಪ್ರಶ್ನೆಗೆ ಪುರಾವೆ ಸಹಿತ ಉತ್ತರ ಸಿಕ್ಕೀತು.