ಬೀರುವಿನ ಚೀಟಿಗಳು

ಕಳೆದ ವರ್ಷ ನಮ್ಮೂರಿನ ವಾಚನಾಲಯದ ಪುಸ್ತಕಗಳನ್ನು ಕ್ರಮಪಡಿಸುವ ಕೆಲಸವು ನನ್ನ ಪಾಲಿಗೆ ಬಂದಿತು. ನಿವೃತ್ತನಾದ ಉಪಾಧ್ಯಾಯನಿಗೆ ಊರಿನವರು ಇಂತಹ ಗೌರವಗಳನ್ನು ಧಾರಾಳವಾಗಿಯೇ ಕೊಡುವರು. ಕಾವ್ಯ, ಕಾದಂಬರಿ, ಧರ್ಮ, ವಿಜ್ಞಾನ, ಬಾಲಸಾಹಿತ್ಯ ಎಂದು ಐದು ಚೀಟಿಗಳನ್ನು ಬರೆದು ಐದು ಬೀರುಗಳಿಗೆ ಅಂಟಿಸಿದೆನು. ಅರ್ಧ ದಿನದಲ್ಲಿ ಮುಗಿಯಬಹುದೆಂದೆಣಿಸಿದ್ದ ಕೆಲಸವು ಮೊದಲನೆಯ ಗಳಿಗೆಯಲ್ಲಿಯೇ ನಿಂತುಹೋಯಿತು. ಕೈಗೆ ಬಂದದ್ದು ಬಾಣಭಟ್ಟನ ಕಾದಂಬರಿ.

ಬಾಣನು ತನ್ನ ಕಥಾನಾಯಿಕೆಗಿಟ್ಟ ಹೆಸರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಸಾಹಿತ್ಯಜಾತಿಗೇ ಹೆಸರಾಯಿತಷ್ಟೆ. ಆದರೆ ಆ ಜಾತಿಯ ಬೀರುವಿನಲ್ಲಿ ಆ ಗ್ರಂಥಕ್ಕೇ ಸ್ಥಳವಿಲ್ಲ. ನಾವೆಲ್ಲರೂ ಅದನ್ನು ಕಾವ್ಯಗಳ ನಡುವೆ ಇಡುತ್ತೇವೆ. ನಾಗವರ್ಮನ ಕರ್ಣಾಟಕ ಕಾದಂಬರಿಯದೂ ಇದೇ ಗತಿ. ಮನೆ ಕಟ್ಟಿಸಿದ ಯಜಮಾನನು ಜಗಲಿಯ ಮೇಲೆ ಮಲಗಿದಂತಾಯಿತು.

ಪುಸ್ತಕವನ್ನು ಕೈಯಲ್ಲಿ ಹಿಡಿದಿರುವಾಗ ಮೂವತ್ತು ವರ್ಷಗಳ ಹಿಂದಣ ಒಂದು ಸಂಗತಿಯು ನೆನಪಿಗೆ ಬಂದಿತು. ಆಗ ನಾನು ಸಂಸ್ಕೃತದ ಮೇಷ್ಟರೂ ಹೌದು, ಶಾಲೆಯ ಪುಸ್ತಕಭಂಡಾರದ ಕಾವಲುಗಾರನೂ ಹೌದು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಮುಖಪುಟ ಹರಿದುಹೋಗಿದ್ದ ಒಂದು ಪುಸ್ತಕವನ್ನು ಮೂರನೆಯ ಬಾರಿ ತೆಗೆದುಕೊಳ್ಳಲು ಬಂದನು. ತೆರೆದು ನೋಡಿದೆನು. ಚಂದ್ರಲೋಕಕ್ಕೆ ಹೋದ ಯಾತ್ರಿಕನೊಬ್ಬನು ಅಲ್ಲಿ ಸಾಯುವನು. ಅವನ ದೇಹವನ್ನು ಕೆಡದಂತೆ ಕಾಪಾಡಿಟ್ಟು ಮತ್ತೆ ಬದುಕಿಸುವರು. "ಇಂತಹ ಹುಸಿಗಳನ್ನು ಓದಿ ಕೆಡಬೇಡ, ಹೋಗಿ ಶಬ್ದ ಬಾಯಿಪಾಠ ಮಾಡು" ಎಂದು ಪುಸ್ತಕವನ್ನು ಕಿತ್ತುಕೊಂಡೆನು. ಹುಡುಗನು ಸ್ವಲ್ಪ ಹೊತ್ತು ನಿಂತಿದ್ದು, "ಮೇಷ್ಟರೇ, ಪುಂಡರೀಕನ ದೇಹವನ್ನೂ ಚಂದ್ರಲೋಕಕ್ಕೆ ಎತ್ತಿಕೊಂಡು ಹೋಗಿ ಇಟ್ಟಿದ್ದರೆಂದು ನೀವೇ ಹೇಳಿದಿರಲ್ಲ?" ಎಂದನು. ಹಿಂದಿನ ವಾರವೇ ನಾನು ತರಗತಿಯಲ್ಲಿ ಬಾಣನ ಕಥೆಯನ್ನು ಹೇಳಿದ್ದೆನು. ಚಂದ್ರಾಪೀಡನ ಶರೀರವು ಬಾಡದೆ ಉಳಿದುದನ್ನೂ ಕಾದಂಬರಿಯು ಅದನ್ನು ಕಾದುಕೊಂಡಿದ್ದುದನ್ನೂ ವರ್ಣಿಸಿ, ಮಕ್ಕಳ ಕಣ್ಣಿನಲ್ಲಿ ನೀರು ತರಿಸಿದ್ದೆನು. "ಅಧಿಕಪ್ರಸಂಗ ಮಾಡಬೇಡ" ಎಂಬುದೊಂದೇ ನಾನು ಕೊಟ್ಟ ಉತ್ತರ. ಅಂದಿನಿಂದ ಆತನು ಪುಸ್ತಕಭಂಡಾರದ ಬಾಗಿಲಿಗೆ ಬರಲಿಲ್ಲ.

ಆ ಉತ್ತರಕ್ಕೆ ನನಗೆ ಪಾಠಶಾಲೆಯ ಬೆಂಬಲವೂ ಇರಲಿಲ್ಲ. ಇದು ಹೆಚ್ಚು ನಾಚಿಕೆಯ ಸಂಗತಿ. ಭಾಮಹನು ಗದ್ಯಪ್ರಬಂಧಗಳನ್ನು ಆಖ್ಯಾಯಿಕೆ, ಕಥೆ ಎಂದು ಎರಡಾಗಿ ವಿಭಾಗಿಸಿದನು: ನಾಯಕನೇ ತನ್ನ ವೃತ್ತಾಂತವನ್ನು ಹೇಳಿದರೆ ಒಂದು, ಇತರರು ಹೇಳಿದರೆ ಇನ್ನೊಂದು, ಉಚ್ಛ್ವಾಸಗಳಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ದಂಡಿಯು ಕಾವ್ಯಾದರ್ಶದಲ್ಲಿ ಇದನ್ನು ಒಪ್ಪಲಿಲ್ಲ. ಯಾರು ಹೇಳಿದರೇನು, ಜಾತಿಯೊಂದೇ, ಹೆಸರು ಎರಡು ಎಂದು ತಳ್ಳಿಹಾಕಿದನು. ಈ ಭಾಗವನ್ನು ನಾನು ಬಾಯಿಪಾಠ ಮಾಡಿದ್ದವನು. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದಿದ್ದವನು. ಬೀರುವಿನ ಮುಂದೆ ನಿಂತಾಗ ಮಾತ್ರ ಭಾಮಹನ ಕಡೆಯವನಾಗಿಬಿಟ್ಟೆನು.

ಚೀಟಿಯ ದೆಸೆಯಿಂದ ಕೆಟ್ಟ ಗ್ರಂಥಗಳು ಅನೇಕವಿವೆ. ಇಂಗ್ಲೆಂಡಿನ ವೆಲ್ಸ್ ಮಹಾಶಯನ ಕಾಲಯಂತ್ರದ ಕಥೆಯು 1895ರಲ್ಲಿಯೇ ಹೊರಬಂದಿತು. ಅಮೆರಿಕೆಯ ಗರ್ನ್ಸ್‌ಬ್ಯಾಕ್ ಎಂಬಾತನು ಇಂತಹ ಕಥೆಗಳಿಗೆಂದೇ ಒಂದು ಮಾಸಪತ್ರಿಕೆಯನ್ನು ಆರಂಭಿಸಿದ್ದು 1926ರಲ್ಲಿ. ಹೆಸರಿಗಿಂತ ಮೊದಲೇ ಹುಟ್ಟಿದ ಕೂಸನ್ನು ಆಮೇಲೆ ಹೆಸರಿನ ತೊಟ್ಟಿಲಿಗೆ ತುರುಕಿದರು. ರೊಕೇಯಾ ಬೇಗಂ ಎಂಬ ಬಂಗಾಳದ ವಿದುಷಿಯ 'ಸುಲ್ತಾನಳ ಕನಸು' 1905ರಲ್ಲಿ ಮದರಾಸಿನ ಒಂದು ಮಹಿಳಾಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಗಂಡಸರೆಲ್ಲರೂ ಅಂತಃಪುರವಾಸಿಗಳು. ಹೆಂಗಸರು ಸೂರ್ಯನ ಶಾಖವನ್ನು ಸಂಗ್ರಹಿಸಿ ರಾಜ್ಯವಾಳುವರು. ಸ್ತ್ರೀವಿಮೋಚನೆಯ ಬರೆಹವೆಂದು ಅದನ್ನು ಓದುವವರಿಗೆ ಆ ಶಾಖದ ಯಂತ್ರವು ಕಾಣಿಸದು. ಯಂತ್ರಕಥೆಯೆಂದು ಓದುವವರಿಗೆ ಆ ನಗೆಯ ಚುಚ್ಚು ತಾಕದು. ನಮ್ಮ ದೇವುಡು ಅವರ 'ಮಹಾಕ್ಷತ್ರಿಯ'ದಲ್ಲಿ ಮನುಷ್ಯನಾದ ನಹುಷನು ಇಂದ್ರಪದವಿಗೇರುವನು. 'ಪೌರಾಣಿಕ' ಎಂಬ ಚೀಟಿಯನ್ನು ಕಂಡು ನನ್ನ ಮೊಮ್ಮಗಳು ಅದನ್ನು ಅಜ್ಜಂದಿರ ಪುಸ್ತಕವೆಂದು ಬಗೆದಿರುವಳು.

ಇವೆಲ್ಲಕ್ಕಿಂತಲೂ ಹೆಚ್ಚು ಅನ್ಯಾಯಕ್ಕೊಳಗಾದುದು, ನನ್ನ ಮಟ್ಟಿಗೆ, ಬುಧಸ್ವಾಮಿಯ ಬೃಹತ್ಕಥಾಶ್ಲೋಕಸಂಗ್ರಹ. ಗುಣಾಢ್ಯನ ಪೈಶಾಚೀ ಬೃಹತ್ಕಥೆಯು ನಷ್ಟವಾದುದನ್ನು ವಾಚಕರು ಬಲ್ಲರು. ಅದರ ಸಂಸ್ಕೃತರೂಪಗಳಲ್ಲಿ ಸೋಮದೇವನ ಕಥಾಸರಿತ್ಸಾಗರಕ್ಕೆ ಎಲ್ಲೆಡೆಯೂ ಮನ್ನಣೆ ದೊರೆಯಿತು. ನೇಪಾಳದಲ್ಲಿ ದೊರೆತ ಬುಧಸ್ವಾಮಿಯ ಗ್ರಂಥವನ್ನು ಲಾಕೋತ್ ಎಂಬ ಫ್ರೆಂಚ್ ಪಂಡಿತನು 1908ರಲ್ಲಿ ಪ್ರಕಟಿಸತೊಡಗಿದನು. ಉಳಿದಿರುವುದು ಇಪ್ಪತ್ತೆಂಟು ಸರ್ಗಗಳು ಮಾತ್ರ. ಶ್ಲೋಕಸಂಗ್ರಹವೆಂಬ ಹೆಸರನ್ನು ಕೇಳಿ ಇದು ಸುಭಾಷಿತಗಳ ಗಂಟಿರಬೇಕೆಂದು ನಾನು ಐವತ್ತು ವರ್ಷದವನಾಗುವವರೆಗೂ ಅದನ್ನು ತೆರೆಯಲಿಲ್ಲ. ತೆರೆದರೆ, ನರವಾಹನದತ್ತನು ತಾನೇ ತನ್ನ ಕಥೆಯನ್ನು ಹೇಳುತ್ತಿರುವನು! ಭಾಮಹನ ಪ್ರಕಾರ ಆಖ್ಯಾಯಿಕೆಯಾಗಬೇಕಾಗಿತ್ತು. ಪದ್ಯವಾದುದರಿಂದ ಅದೂ ಅಲ್ಲ.

ಐದನೆಯ ಸರ್ಗದಲ್ಲಿ ವಾಸವದತ್ತೆಗೆ ಆಕಾಶದಲ್ಲಿ ಸಂಚರಿಸಬೇಕೆಂಬ ಬಸಿರ ಬಯಕೆಯುಂಟಾಗುವುದು. ಮಂತ್ರವಾದಿಯನ್ನಾಗಲಿ ದೇವತೆಯನ್ನಾಗಲಿ ಕರೆಯದೆ, ಮಂತ್ರಿಯು ಬಡಗಿಗಳನ್ನು ಕರೆಸುವನು. ನಮಗೆ ಬೇರೆ ಯಂತ್ರಗಳು ಗೊತ್ತು, ಆಕಾಶಯಂತ್ರವನ್ನು ಯವನರು ಮಾತ್ರ ಬಲ್ಲರು ಎಂದು ಅವರು ಹೇಳುವರು. ಅಲ್ಲಿ ವಿಶ್ವಿಲನೆಂಬ ಶಿಲ್ಪಿಯ ಉಪಕಥೆಯು ಬರುವುದು. ಅವನು ಹುಂಜದಾಕಾರದ ಯಂತ್ರವನ್ನೇರಿ ಹಾರುವವನು. ರಾಜನು ಆ ವಿದ್ಯೆಯನ್ನು ತಿಳಿಸಬೇಕೆಂದು ಅವನ ಮಾವನನ್ನು ಪೀಡಿಸುವನು. ಅಳಿಯನು ಗುಟ್ಟನ್ನು ಬಿಡದೆ ಹೆಂಡತಿಯನ್ನು ಕರೆದುಕೊಂಡು ರಾತ್ರಿಯೇ ಹಾರಿಹೋಗುವನು. ಕಡೆಗೆ ಆಗಂತುಕನೊಬ್ಬನು ಗರುಡಾಕಾರದ ಯಂತ್ರವನ್ನು ಕಟ್ಟಿಕೊಡುವನು. ಕುಶಲಿಯ ಭಯ, ಅರಸನ ಒತ್ತಾಯ, ವಿದ್ಯೆಯನ್ನು ಯಾರ ಕೈಗೆ ಕೊಡಬೇಕೆಂಬ ಚಿಂತೆ, ಇವಿಷ್ಟೂ ಅಲ್ಲಿವೆ. ಇದನ್ನೂ ಅಜ್ಜಿಕಥೆಯೆಂದು ಬಾಲಸಾಹಿತ್ಯಕ್ಕೆ ಸೇರಿಸುವವರುಂಟು. ಹಾಗೆಯೇ, ವಿಮಾನವು ನಮ್ಮ ಪೂರ್ವಿಕರಲ್ಲಿತ್ತೆಂಬುದಕ್ಕೆ ಸಾಕ್ಷಿಯೆಂದು ವಿಜ್ಞಾನದ ಬೀರುವಿಗೆ ಹೊತ್ತೊಯ್ಯುವವರೂ ಉಂಟು. ಇವರ ಭಕ್ತಿಯು ಅವರ ತಾತ್ಸಾರಕ್ಕಿಂತ ನನಗೆ ಹೆಚ್ಚು ಬೇಸರವನ್ನುಂಟುಮಾಡುವುದು. ಕವಿಯು ಕಲ್ಪಿಸಿದನು, ಆ ಕೀರ್ತಿಯನ್ನು ಅವನಿಂದ ಕಸಿದುಕೊಳ್ಳುವುದೇಕೆ?

ಆ ಹುಡುಗನು ಈಗ ನಮ್ಮ ತಾಲ್ಲೂಕಿನ ಪೇಟೆಯಲ್ಲಿ ಪಂಪುಸೆಟ್ಟಿನ ಮೋಟಾರುಗಳನ್ನು ರಿಪೇರಿ ಮಾಡುವ ಅಂಗಡಿಯನ್ನಿಟ್ಟಿರುವನು. ಮಳೆಗಾಲದಲ್ಲಿ ಕುಳಿತು ಐದನೆಯ ಸರ್ಗವನ್ನು ಕನ್ನಡ ಗದ್ಯಕ್ಕೆ ತಂದು, ಹಾಳೆಗಳನ್ನು ಹೊಲಿದು, ನಾನೇ ಹೋಗಿ ಕೊಟ್ಟು ಬಂದೆನು. ಹಳೆಯ ಮಾತನ್ನು ಎತ್ತಬೇಕೆಂದಿದ್ದೆನು; ಗಿರಾಕಿಗಳ ನಡುವೆ ನಾಲಗೆ ಏಳಲಿಲ್ಲ. ಎರಡು ತಿಂಗಳಾದ ಮೇಲೆ ಆತನೇ ಮನೆಗೆ ಬಂದು, ಕಾಫಿ ಕುಡಿದು, ಹಾಳೆಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು, "ಹುಂಜದ ಕೀಲು ಹೇಗಿತ್ತೆಂದು ಇದರಲ್ಲಿ ಬರೆದಿಲ್ಲವಲ್ಲ, ಮೇಷ್ಟರೇ?" ಎಂದು ಕೇಳಿದನು.

"ಅವನು ಅದನ್ನು ಹೇಳದೆಯೇ ಓಡಿಹೋದನಪ್ಪ" ಎಂದೆನು.

ಆತನು ನಕ್ಕು, ಮುಂದಿನ ಸರ್ಗವು ಯಾವಾಗ ಸಿದ್ಧವಾಗುವುದೆಂದು ವಿಚಾರಿಸಿದನು. ವಾಚನಾಲಯದ ಐದು ಬೀರುಗಳ ಪಕ್ಕದಲ್ಲಿ ಆರನೆಯದೊಂದಿದೆ. ಅದಕ್ಕೆ ನಾನು ಇನ್ನೂ ಚೀಟಿಯನ್ನು ಬರೆದಿಲ್ಲ.