ಬೋಧಿಧರ್ಮನಿಗೆ ಸಾಕ್ಷಿ ಎಲ್ಲಿ?

ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಒಂಬತ್ತು ವರ್ಷ ಗವಿಯ ಗೋಡೆ ನೋಡುತ್ತ ಕುಳಿತನಂತೆ; ಧ್ಯಾನದಲ್ಲಿ ತೂಕಡಿಸುವ ಶಾವೊಲಿನ್ ಭಿಕ್ಷುಗಳಿಗೆ ಕುಂಗ್‌ಫು ಕಲಿಸಿದನಂತೆ. ಕಥೆ ಸೊಗಸಾಗಿದೆ. ಆದರೆ ಶಾಂಘೈನ ವಕೀಲ ಟಾಂಗ್ ಹಾವೊ ಅದಕ್ಕೆ ಸಾಕ್ಷಿ ಕೇಳಿದ. ಅವನೂ ವರಸೆ ಬಲ್ಲವನೇ.

ಮಠದ 728ರ ಶಿಲಾಶಾಸನದಲ್ಲಿ, 621ರಲ್ಲಿ ಭಿಕ್ಷುಗಳು ಲಿ ಶಿಮಿನ್‌ಗೆ ಯುದ್ಧದಲ್ಲಿ ನೆರವಾದದ್ದಿದೆ. ಬೋಧಿಧರ್ಮನ ಮುಷ್ಟಿವಿದ್ಯೆಯ ಮಾತಿಲ್ಲ. ಕಥೆಯ ಬೀಜ ಸಿಗುವುದು ಬಹಳ ಈಚೆಗೆ, 1624ರ ಒಂದು ಅಂಗಸಾಧನೆಯ ಗ್ರಂಥದಲ್ಲಿ.

1930ರಲ್ಲಿ ಬಂದ ಟಾಂಗ್‌ನ ಪುಸ್ತಕ ಬೋಧಿಧರ್ಮನ ಜೊತೆಗೆ ತೈಚಿಯ ಮೂಲಪುರುಷನೆನಿಸಿದ್ದ ಜಾಂಗ್ ಸಾನ್‌ಫೆಂಗ್‌ನನ್ನೂ ಗುರುಪೀಠದಿಂದ ಇಳಿಸಿತು. ಪರಂಪರೆಯ ಹೆಸರಲ್ಲೇ ಅನ್ನ ಕಾಣುತ್ತಿದ್ದ ಉಸ್ತಾದರು ಕೆರಳಿದರು. ಅವನನ್ನು ಹೊಡೆಯಲು ಹೊಂಚು ಹಾಕಿದ್ದವರನ್ನು ಹೆಸರಾಂತ ಜಟ್ಟಿ ವಾಂಗ್ ಜಿಪಿಂಗ್ ತಡೆದ ಎನ್ನುತ್ತಾರೆ.

ಟಾಂಗ್ 1959ರಲ್ಲಿ ತೀರಿಕೊಂಡ. ಕಥೆ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.