ಜಲಬಾಧೆಯ ಜಾಗರಣೆ

ಶಿವರಾತ್ರಿ ವರ್ಷಕ್ಕೊಂದೇ ಸಲ ಬರುತ್ತದೆ ಎನ್ನುವವರು ಇನ್ನೂ ಅರವತ್ತು ದಾಟಿಲ್ಲ ಎಂದು ತಿಳಿಯಿರಿ. ನನಗಂತೂ ನಿತ್ಯ ಜಾಗರಣೆ. ಮೊದಲ ಯಾಮ ಹನ್ನೆರಡೂವರೆಗೆ, ಎರಡನೆಯದು ಮೂರಕ್ಕೆ, ಹಾಲಿನವನು ಬರುವ ಹೊತ್ತಿಗೆ ಮಂಗಳಾರತಿ. ಕಾರಣ ಜಲಬಾಧೆ. ಎಂಥ ಮರ್ಯಾದಸ್ತ ಪದ ನೋಡಿ! ಸ್ಕೂಲಿನಲ್ಲಿ ಇದಕ್ಕೇ ಕಿರುಬೆರಳೆತ್ತಿ ಮೇಷ್ಟ್ರ ಅಪ್ಪಣೆಗೆ ಕಾಯುತ್ತಿದ್ದೆವು. ಈಗ ಅಪ್ಪಣೆ ಕೇಳಬೇಕಿಲ್ಲ, ಅದೇ ನಮ್ಮನ್ನು ಎಬ್ಬಿಸಿ ಅಪ್ಪಣೆ ಮಾಡುತ್ತದೆ.

ನಮ್ಮ ಅಜ್ಜ ರಾತ್ರಿ ಮೂರು ನಾಲ್ಕು ಸಲ ಲಾಟೀನು ಹಿಡಿದು ಕೊಟ್ಟಿಗೆಯ ಕಡೆ ಹೋಗುತ್ತಿದ್ದರು. ಹಸುಗಳ ಮೇಲೆ ಅವರಿಗೆ ಎಷ್ಟು ಪ್ರೀತಿ ಎಂದುಕೊಂಡಿದ್ದೆವು. ಹಸುಗಳೆಲ್ಲ ಮಾರಿಹೋದ ಮೇಲೂ ಲಾಟೀನು ಮಾತ್ರ ಹೋಗಿಬಂದು ಮಾಡುತ್ತಲೇ ಇತ್ತು. ಆಗ ಯಾರಿಗೆ ಗೊತ್ತಿತ್ತು ಪ್ರಾಸ್ಟೇಟು?

ಈಗ ನಮ್ಮ ಪಾರ್ಕಿನ ಕಲ್ಲುಬೆಂಚಿನಲ್ಲಿ ಎಲ್ಲರಿಗೂ ಗೊತ್ತು. ಬ್ಯಾಂಕಿನವರು ಟ್ಯಾಮ್ಸುಲೋಸಿನ್ ಪಕ್ಷ, ನಿವೃತ್ತ ಲೆಕ್ಕದ ಮೇಷ್ಟ್ರು ಫಿನಾಸ್ಟೆರೈಡ್ ಪಕ್ಷ. ಮೊದಲನೆಯದು ಮೂತ್ರದ ದಾರಿಯ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಕೆಲವೇ ದಿನಗಳಲ್ಲಿ ಗುಣ ಕಾಣಿಸುತ್ತದೆ. ಎರಡನೆಯದು ಊದಿದ ಪ್ರಾಸ್ಟೇಟ್ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಆದರೆ ಸರ್ಕಾರಿ ಫೈಲಿನ ಹಾಗೆ ತಿಂಗಳುಗಟ್ಟಲೆ ಕಾಯಿಸುತ್ತದೆ. ಈ ಫಿನಾಸ್ಟೆರೈಡು 1992ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟಿಗೆಂದು ಬಂದದ್ದು, ಐದು ಮಿಲಿಗ್ರಾಂ. ಐದು ವರ್ಷದ ಮೇಲೆ ಅದೇ ಔಷಧಿ ಒಂದು ಮಿಲಿಗ್ರಾಮಿನ ವೇಷದಲ್ಲಿ ಬೋಳುತಲೆಗೂ ಬಂತು. ‘ಹಾಗಾದರೆ ನಿಮ್ಮ ತಲೆ ಯಾಕೆ ಹೀಗೆ?’ ಎಂದು ಬ್ಯಾಂಕಿನವರು ಕೇಳಿದ್ದಕ್ಕೆ ಮೇಷ್ಟ್ರು ಎರಡು ದಿನ ಬೆಂಚಿಗೇ ಬರಲಿಲ್ಲ.

ಬ್ಯಾಂಕಿನವರಿಗೂ ಶಾಸ್ತಿಯಾಯಿತು ಅನ್ನಿ. ಕಣ್ಣಿನ ಪೊರೆ ತೆಗೆಸಲು ಹೋದರೆ ಡಾಕ್ಟರು ಮೊದಲು ಕೇಳಿದ್ದೇ ಪ್ರಾಸ್ಟೇಟಿನ ಮಾತ್ರೆಯ ವಿಚಾರ. ‘ನಾನು ತೋರಿಸಿದ್ದು ಮೇಲೆ, ಇವರು ಕೇಳ್ತಿರೋದು ಕೆಳಗಿಂದು’ ಎಂದು ಇವರಿಗೆ ಸಿಟ್ಟು. ಡಾಕ್ಟರು ಕೇಳಿದ್ದು ಸರಿಯೇ. ಟ್ಯಾಮ್ಸುಲೋಸಿನ್ ಕಣ್ಣಿನ ಪಾಪೆಯ ಸ್ನಾಯುವನ್ನೂ ಸಡಿಲ ಮಾಡುತ್ತದೆ, ಆಪರೇಷನ್ ಹೊತ್ತಿನಲ್ಲಿ ಪಾಪೆ ಒದ್ದೆ ಬಟ್ಟೆಯಂತೆ ಅಲುಗಾಡುತ್ತದೆ ಎಂದು 2005ರಲ್ಲೇ ಅಮೆರಿಕದ ಇಬ್ಬರು ಕಣ್ಣಿನ ಡಾಕ್ಟರು ಬರೆದಿಟ್ಟಿದ್ದಾರೆ.

ಎಲ್ಲಿಗೆ ಹೋದೆ? ಹಾಂ, ರಾತ್ರಿಯ ಲೆಕ್ಕ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳವರು ಇದನ್ನು ಎಣಿಸಿಯೇ ನೋಡಿದ್ದಾರೆ. ಸೈನಿಕರನ್ನು ನಾಲ್ಕು ಗುಂಪು ಮಾಡಿ ಒಂದಕ್ಕೆ ಟೆರಾಜೋಸಿನ್ (ಟ್ಯಾಮ್ಸುಲೋಸಿನ್ ದಾಯಾದಿ), ಇನ್ನೊಂದಕ್ಕೆ ಫಿನಾಸ್ಟೆರೈಡ್, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಬರೀ ಹುಸಿ ಮಾತ್ರೆ. ರಾತ್ರಿಗೆ ಸರಾಸರಿ 2.5 ಸಲ ಏಳುತ್ತಿದ್ದವರು ಟೆರಾಜೋಸಿನ್‌ನಿಂದ 1.8ಕ್ಕೆ ಇಳಿದರು. ಫಿನಾಸ್ಟೆರೈಡಿನವರು 2.1, ಎರಡನ್ನೂ ನುಂಗಿದವರು 2.0. ಹುಸಿ ಮಾತ್ರೆಯವರು? ಅವರೂ 2.1! ನಂಬಿಕೆಗೂ ಫಿನಾಸ್ಟೆರೈಡಿಗೂ ರಾತ್ರಿಯ ವಿಷಯದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. (ಕೂದಲಿನ ಮಾತು ಮೇಷ್ಟ್ರ ಮುಂದೆ ಬೇಡ. ಗ್ರಂಥಿ ದೊಡ್ಡದಾದವರಿಗೆ ಮೂತ್ರ ಕಟ್ಟಿಹೋಗದಂತೆ ನೋಡಿಕೊಳ್ಳುವುದರಲ್ಲಿ ಅವರ ಔಷಧಿಯದೇ ಮೇಲುಗೈ.)

ಮೇಷ್ಟ್ರು ಕಳೆದು ನೋಡಿದರು. ಹುಸಿ ಮಾತ್ರೆಗಿಂತ ಟೆರಾಜೋಸಿನ್ ಉಳಿಸಿದ್ದು 0.3. ‘ಅಂದರೆ ಮೂರು ರಾತ್ರಿಗೆ ಒಂದು ಸಲ ಉಳಿತಾಯ’ ಎಂದರು. ‘ದಿನಾ ಕಾಲುಭಾಗ ದಾರಿ ಹೋಗಿ ವಾಪಸ್ ಬರೋದಲ್ಲವಲ್ಲ, ಸದ್ಯ!’ ಎಂದರು ಬ್ಯಾಂಕಿನವರು.

ನನ್ನ ಡಾಕ್ಟರು ಇನ್ನೊಂದು ಹೇಳಿದರು. ಎಷ್ಟೋ ಸಲ ತಪ್ಪು ಪ್ರಾಸ್ಟೇಟಿನದಲ್ಲ, ರಾತ್ರಿಪಾಳಿ ಮಾಡುವ ಮೂತ್ರಪಿಂಡದ್ದು. ಹಗಲೆಲ್ಲ ಕಾಲಿನಲ್ಲಿ ಇಳಿದು ನಿಂತ ನೀರು, ಮಲಗಿದ ಮೇಲೆ ರಕ್ತಕ್ಕೆ ಮರಳಿ ಅಲ್ಲಿಗೆ ಬರುತ್ತದಂತೆ. ಜೋರು ಗೊರಕೆಯಲ್ಲಿ ಉಸಿರು ಕಟ್ಟುವವರಿಗೂ ಇದೇ ಪಾಡು. ಮೂತ್ರಪಿಂಡದ ಈ ರಾತ್ರಿಪಾಳಿಯನ್ನು ತಡೆಯಲು ಡೆಸ್ಮೋಪ್ರೆಸಿನ್ ಎಂಬ ಔಷಧಿಯಿದೆ. ಆದರೆ ಅದರಿಂದ ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಕುಸಿದರೆ ತಲೆಯೇ ಕೆಡಬಹುದು, ಪದೇ ಪದೇ ರಕ್ತಪರೀಕ್ಷೆ ಬೇಕು. ನನಗೆ ಬೇಡವೆಂದರು. ಸಂಜೆ ಕಾಲು ಮೇಲಿಟ್ಟು ಕೂರಿ, ರಾತ್ರಿ ಕಾಫಿ ಬಿಡಿ ಎಂದರು. ಕಾಲು ಮೇಲಿಟ್ಟೆ. ಕಾಫಿಯ ವಿಚಾರ ಕೇಳಬೇಡಿ.

ಇಷ್ಟನ್ನೂ ಮನೆಯಲ್ಲಿ ದಶಮಾಂಶ ಸಮೇತ ವಿವರಿಸಿದೆ. ನನ್ನವಳು ಹುಣಸೆಹಣ್ಣು ಬಿಡಿಸುತ್ತಲೇ ಕೇಳಿದಳು: ‘ನೀವು ಎದ್ದಾಗೆಲ್ಲ ಮಂಚ ಕಿರುಗುಟ್ಟಿ, ಲೈಟು ಹತ್ತಿ ನಾನೂ ಏಳ್ತೀನಲ್ಲ, ಅದನ್ನ ಯಾವ ಗುಂಪಿಗೆ ಸೇರಿಸಿದ್ರು?’